ಗೇಟು ದಾಟದ ಹಣ್ಣು

ಮಾಕಳಿ

ಆಸ್ಟ್ರೇಲಿಯಾದಿಂದ ವಾಪಸ್ ಬಂದ ಮೇಲೆ ನಮ್ಮ ಬೀದಿಯವರೆಲ್ಲ ಕೇಳಿದ್ದು ಒಂದೇ ಮಾತು: "ಕಾಂಗರೂ ನೋಡಿದ್ರಾ ಆಂಟಿ?" ನೋಡಿದೆ ಕಣ್ರಪ್ಪಾ. ಬೇಲಿ ಹಾರುವುದನ್ನೂ ನೋಡಿದೆ, ರಸ್ತೆ ಪಕ್ಕ ಸತ್ತು ಬಿದ್ದಿದ್ದನ್ನೂ ನೋಡಿದೆ. ಆದರೆ ಆ ದೇಶ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಕಾಂಗರೂ ಅಲ್ಲ, ಹೆದ್ದಾರಿಯ ಚೆಕ್‌ಪೋಸ್ಟಿನಲ್ಲಿ ಇಟ್ಟಿದ್ದ ಒಂದು ದೊಡ್ಡ ಡಬ್ಬ. ಅದನ್ನು ಹೇಳಲು ಹೋದರೆ ಕೇಳುವ ವ್ಯವಧಾನ ಯಾರಿಗೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೋಗಿದ್ದು ಊರು ನೋಡಲು ಅಲ್ಲ, ಸುಮಾಳ ಸೀಮಂತಕ್ಕೆ. ಸುಮಾ ನನ್ನ ಅಕ್ಕನ ಮಗಳು. ಅಲ್ಲಿ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಅಕ್ಕ ಈಗಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದುಕೊಂಡು, "ಇವಳ ಮಡಿಲು ನೀನೇ ತುಂಬ್ಬೇಕು ಕಣೆ, ಇನ್ಯಾರಿದಾರೆ" ಅಂದಿದ್ದಳು. ಸುಮಾಳ ಮೊದಲನೆಯ ಬಸಿರು ನಿಲ್ಲಲಿಲ್ಲ. ಫೋನಿನಲ್ಲಿ ಅವಳು ಅತ್ತಾಗ ನಾನು ಇಲ್ಲಿ ಅಡುಗೆಮನೆಯಲ್ಲಿ ನಿಂತು ಅತ್ತೆ, ಇನ್ನೇನು ಮಾಡಲಾಗುತ್ತಿತ್ತು. ಈ ಸಲ ಮಾತ್ರ ಹೋಗಿಯೇ ತೀರುವುದು ಎಂದು ಹಟ ಹಿಡಿದೆ.

ನಮ್ಮಲ್ಲಿ ಸೀಮಂತದ ದಿನ ಬಸುರಿಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬಳೆ, ಕುಪ್ಪಸದ ಕಣ, ಮೇಲೆ ಐದು ಬಗೆಯ ಹಣ್ಣು ತುಂಬುತ್ತೇವೆ. ಹಣ್ಣಿಲ್ಲದ ಮಡಿಲು ಮಡಿಲೇ ಅಲ್ಲ ಎನ್ನುತ್ತಿದ್ದಳು ನಮ್ಮಮ್ಮ. ಅದನ್ನು ನಂಬಬೇಕೋ ಬೇಡವೋ ನನಗೆ ಗೊತ್ತಿಲ್ಲ. ಆದರೆ ಒಂದು ಸಲ ಬರಿದಾದ ಹುಡುಗಿಯ ವಿಷಯದಲ್ಲಿ ಇಂಥದ್ದರಲ್ಲಿ ಕಡಿಮೆ ಮಾಡುವ ಧೈರ್ಯ ನನಗಿರಲಿಲ್ಲ. ಭಯ ಅಂದರೆ ಭಯವೇ.

ನನ್ನ ಬಗ್ಗೆ ಒಂದು ಮಾತು. ಮದುವೆಯಾದಾಗಿನಿಂದ ರಿಟೈರ್ ಆಗುವವರೆಗೂ ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದವಳು ನಾನು. ಅಳತೆಯ ಗೇಜಿಗೆ ಹೊಂದದ ಪೀಸನ್ನು ಎತ್ತಿ ಕೆಂಪು ಡಬ್ಬಕ್ಕೆ ಹಾಕುವುದೇ ಕೆಲಸ. ಮೆಷಿನ್ ಹುಡುಗರು, "ಅಕ್ಕ, ಒಂದ್ ಕೂದಲೆಳೆ ಅಷ್ಟೇ ಅಕ್ಕ, ಬಿಟ್ಬಿಡಿ" ಎಂದು ಅಂಗಲಾಚಿದರೂ ಬಿಟ್ಟವಳಲ್ಲ. ನಮ್ಮ ಯಜಮಾನರು ಸರ್ಕಾರಿ ಕಾರ್ಖಾನೆಯವರು, ಸಾಧು ಮನುಷ್ಯ. ಅವರಿಗಿರುವುದು ಒಂದೇ ಚಟ, ಎಲ್ಲಿ ಏನು ಕೊಟ್ಟರೂ ಜೇಬಿಗೆ ಇಳಿಸುವುದು. ವಿಮಾನದಲ್ಲಿ ಕೊಟ್ಟ ಸಕ್ಕರೆ, ಉಪ್ಪು, ಮೆಣಸಿನ ಪೊಟ್ಟಣಗಳೆಲ್ಲ ಮಾಕಳಿಯ ನಮ್ಮ ಅಡುಗೆಮನೆಯಲ್ಲಿ ಈಗಲೂ ಇವೆ.

ಮೆಲ್ಬರ್ನ್

ವಿಮಾನ ನಿಲ್ದಾಣದಲ್ಲಿ ತೋರಣಕ್ಕೆಂದು ತಂದಿದ್ದ ಮಾವಿನೆಲೆಯನ್ನು ತೆಗೆದುಕೊಂಡುಬಿಟ್ಟರು. ಅದಕ್ಕೆ ನಾನು ಸಿದ್ಧಳಾಗಿದ್ದೆ, ಬೇರೆ ದೇಶ, ಅವರ ಕಾನೂನು. ಹಣ್ಣನ್ನಂತೂ ನಾನು ಊರಿಂದ ತಂದಿರಲೇ ಇಲ್ಲ, ಅಷ್ಟೂ ಬುದ್ಧಿ ಇಲ್ಲವೇ? ಮೆಲ್ಬರ್ನಿನಲ್ಲೇ ಕೊಳ್ಳುವುದೆಂದು ತೀರ್ಮಾನಿಸಿದ್ದೆ.

ನಮ್ಮನ್ನು ಕರೆದೊಯ್ಯಲು ಸುಮಾಳ ಗಂಡ ಪ್ರದೀಪ ಕಾರು ತಂದಿದ್ದ. ಅವರ ಊರು ಪಕ್ಕದ ರಾಜ್ಯದಲ್ಲಿ, ಮರ್ರೆ ನದಿಯ ದಂಡೆಯಲ್ಲಿ. ಹೆಸರು ಹಾಕಬೇಡಿ ಎಂದು ಸುಮಾ ಹೇಳಿದ್ದಾಳೆ, ಚಿಕ್ಕ ಊರು, ಎಲ್ಲರಿಗೂ ಎಲ್ಲರೂ ಗೊತ್ತಂತೆ. ಬೆಳಗಿನಿಂದ ಸಂಜೆಯವರೆಗಿನ ದಾರಿ. ಹೊರಡುವ ಮುಂಚೆ ಮಾರುಕಟ್ಟೆಗೆ ನುಗ್ಗಿ ಬಾಳೆ, ಸೇಬು, ದ್ರಾಕ್ಷಿ, ಕಿತ್ತಳೆ, ಸೀಬೆ, ಐದನ್ನೂ ಒಂದೊಂದಾಗಿ ತಿರುಗಿಸಿ ನೋಡಿ ಆರಿಸಿದೆ. ಅಂಗಡಿಯವನು ಮುಖ ಸಿಂಡರಿಸಿದ. ಹಳೆಯ ಅಭ್ಯಾಸ, ನಾನೇನು ಮಾಡಲಿ? ಜೊತೆಗೆ ಒಂದು ತೆಂಗಿನಕಾಯಿ, ಒಂದಿಷ್ಟು ನಿಂಬೆಹಣ್ಣು, ಹಸಿಮೆಣಸಿನಕಾಯಿಯನ್ನೂ ಕೊಂಡೆ.

ಪ್ರದೀಪ ಮೆಲ್ಲಗೆ, "ಅತ್ತೆ, ನಮ್ಮೂರ್ ಕಡೆಗೆ ಹಣ್ಣು ಬಿಡಲ್ಲ" ಅಂದ.

"ನೀವು ಸುಮ್ನಿರಿ ಅಳಿಯಂದಿರೇ, ನನಗೇನು ಭಾರ ಇಲ್ಲ" ಅಂದೆ. ನಾನು ಹೊರುವ ಕಷ್ಟ ತಪ್ಪಿಸಲು ಹಾಗೆನ್ನುತ್ತಿದ್ದಾನೆ ಎಂದುಕೊಂಡಿದ್ದೆ. ಅಳಿಯ ಅತ್ತೆಗೆ ಎರಡನೆಯ ಸಲ ಹೇಳುತ್ತಾನೆಯೇ? ಹೇಗೂ ಚೆಕ್‌ಪೋಸ್ಟಿನವರು ಹೇಳುತ್ತಾರೆ, ಅವರೇ ಕೆಟ್ಟವರಾಗಲಿ ಎಂದು ಸುಮ್ಮನಾದನಂತೆ.

ಹೊರಡುವಾಗ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟೆ. ಪ್ರದೀಪ ನಗುತ್ತಲೇ ಕಾರು ಹತ್ತಿಸಿದ. ಅವನು ನೀರಿನ ಬಾಟಲಿ ತರಲು ಹೋದಾಗ ನಾನು ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಹಿಂದಿನ ನಂಬರ್ ಪ್ಲೇಟಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಒಂದು ನಿಂಬೆಹಣ್ಣು ಏಳು ಹಸಿಮೆಣಸಿನಕಾಯಿ ಪೋಣಿಸಿದ ದಾರ ಕಟ್ಟಿದ್ದೆ. ಬಸುರಿ ಇರುವ ಮನೆಯ ಕಾರು, ಯಾರ ಕಣ್ಣು ಹೇಗಿರುತ್ತದೋ.

ಹೆದ್ದಾರಿ

ಆ ರಸ್ತೆಯ ಬಗ್ಗೆ ಏನು ಹೇಳಲಿ? ಖಾಲಿ. ಎಷ್ಟು ಖಾಲಿ ಎಂದರೆ ಎದುರಿಗೆ ಒಂದು ಲಾರಿ ಬಂದರೆ ನೆಂಟರು ಬಂದಷ್ಟು ಖುಷಿಯಾಗುತ್ತಿತ್ತು. ನಮ್ಮ ತುಮಕೂರು ರಸ್ತೆಯಲ್ಲಿ ಮಾಕಳಿಯಿಂದ ಮಾದನಾಯಕನಹಳ್ಳಿಗೆ ಹೋಗುವಷ್ಟರಲ್ಲಿ ಎಳನೀರು, ಉಪ್ಪುಖಾರ ಸವರಿದ ಸೌತೆಕಾಯಿ, ಸೀಬೆಕಾಯಿ, ಹಲಸಿನ ತೊಳೆ, ಎಲ್ಲವೂ ಕಿಟಕಿಗೇ ಬರುತ್ತವೆ. ಇಲ್ಲಿ ಕಿಟಕಿಗೆ ಬಂದಿದ್ದು ನೊಣ ಮಾತ್ರ.

ದಾರಿಯುದ್ದಕ್ಕೂ ದೊಡ್ಡ ದೊಡ್ಡ ಫಲಕಗಳು ಬರತೊಡಗಿದವು. ಹಣ್ಣಿದ್ದರೆ ಇಲ್ಲೇ ತಿಂದು ಮುಗಿಸಿ, ಇಲ್ಲವೇ ಡಬ್ಬಕ್ಕೆ ಹಾಕಿ ಎಂದು. ರಸ್ತೆಗೆ ಸಿಪ್ಪೆ ಎಸೆಯಬೇಡಿ ಎನ್ನುವುದನ್ನೇ ಇಷ್ಟು ಬಿಗಿಯಾಗಿ ಹೇಳುತ್ತಿದ್ದಾರೆ ಎಂದು ತಿಳಿದು, "ನೋಡ್ರೀ, ಎಷ್ಟ್ ಕ್ಲೀನು ಜನ!" ಎಂದು ಯಜಮಾನರಿಗೆ ತೋರಿಸಿದೆ. ಪ್ರದೀಪ ಕನ್ನಡಿಯಲ್ಲಿ ನನ್ನನ್ನು ನೋಡಿ ಸುಮ್ಮನೆ ಓಡಿಸಿದ. ಪಾಪ ಹುಡುಗ!

ಚೆಕ್‌ಪೋಸ್ಟ್

ಮಧ್ಯಾಹ್ನ ಕಳೆದು ಬಿಸಿಲು ಓರೆಯಾದಾಗ ರಸ್ತೆಗೆ ಅಡ್ಡಲಾಗಿ ಒಂದು ತಗಡಿನ ಚಾವಣಿ ಬಂತು. ನಮ್ಮ ಟೋಲ್ ಗೇಟಿನಂತೆಯೇ ಇತ್ತು, ದುಡ್ಡು ಕೇಳುವವರಿರಲಿಲ್ಲ ಅಷ್ಟೇ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹೆಂಗಸೊಬ್ಬಳು ಬಂದು ಕಿಟಕಿಗೆ ಬಗ್ಗಿದಳು. ಬಿಸಿಲಿಗೆ ಕೆಂಪಾದ ಮೂಗು. ಎದೆಯ ಮೇಲೆ ಡೆಬಿ ಎಂಬ ಹೆಸರು. "ಹಣ್ಣು, ತರಕಾರಿ, ಗಿಡ ಏನಾದರೂ ಇದೆಯೇ ಲವ್?" ಎಂದು ನನ್ನನ್ನೇ ಕೇಳಿದಳು. ಆಕೆ ಎಲ್ಲರನ್ನೂ ಲವ್ ಎಂದೇ ಕರೆಯುತ್ತಿದ್ದಳು. ಯಜಮಾನರನ್ನೂ ಕರೆದಳು, ಅವರು ನಾಚಿಕೊಂಡರು.

ಇದೆ ಎಂದು ಹೆಮ್ಮೆಯಿಂದಲೇ ಚೀಲ ತೋರಿಸಿದೆ. ಆಗ ಗೊತ್ತಾಯಿತು ನೋಡಿ ಸಮಾಚಾರ. ಇಲ್ಲಿಂದ ಮುಂದೆ ಯಾವ ಹಣ್ಣನ್ನೂ ಒಯ್ಯುವಂತಿಲ್ಲ. ನದಿ ಬಯಲಿನ ತೋಟಗಳಿಗೆ, ಹಣ್ಣಿನೊಳಗೆ ಮೊಟ್ಟೆಯಿಡುವ ಹಣ್ಣುನೊಣ ಹರಡದಿರಲಿ ಎಂದು ಈ ಕಾವಲು.

ನನಗೆ ರೇಗಿತು. ಬಂದಷ್ಟು ಇಂಗ್ಲಿಷಿನಲ್ಲಿ ವಾದಕ್ಕೆ ನಿಂತೆ. "ಇದು ಇಂಡಿಯಾದ್ದಲ್ಲ ಮೇಡಂ, ನಿಮ್ಮ ದೇಶದ್ದೇ! ಬಿಲ್ ಇದೆ, ನೋಡಿ!"

"ನೊಣಕ್ಕೆ ಬಿಲ್ ಓದಲು ಬರುವುದಿಲ್ಲವಲ್ಲ ಲವ್" ಅಂದಳು.

ಗೋಡೆಯ ಮೇಲೆ ಒಂದು ಚಿತ್ರವಿತ್ತು. ಕತ್ತರಿಸಿದ ಹಣ್ಣಿನೊಳಗೆ ಬಿಳಿ ಹುಳಗಳು. ಅದನ್ನು ನೋಡಿ ನನಗೆ ನಮ್ಮವರನ್ನೇ ಕಂಡಂತಾಯಿತು. "ಅಯ್ಯೋ, ಇದು ನಮಗೆ ಗೊತ್ತು! ನಮ್ಮ ಮನೆ ಹಿಂದಿನ ಮರದ ಪ್ರತಿ ಸೀಬೆಹಣ್ಣಲ್ಲೂ ಇರುತ್ತೆ! ನಾವು ಆ ಭಾಗ ಕಿತ್ತು ಬಿಸಾಕಿ ಉಳಿದದ್ದು ತಿಂತೀವಿ!" ಎಂದೆ. ಡೆಬಿಯ ಮುಖದಲ್ಲಿದ್ದ ಕೆಂಪೆಲ್ಲ ಇಳಿದುಹೋಯಿತು. "ಸೀಬೆ ಇದೆಯೇ ಕಾರಿನಲ್ಲಿ?" ಎಂದು ಮೊದಲು ಅದನ್ನೇ ಎತ್ತಿಕೊಂಡಳು.

ಪ್ರದೀಪ ಇಳಿದು ಬಂದು ಆಕೆಗೆ ವಿಷಯ ವಿವರಿಸಿದ. ಹೆಂಡತಿ ಬಸುರಿ, ಇದು ಅವಳ ಮಡಿಲಿಗೆ ತುಂಬುವ ಹಣ್ಣು, ಇವರು ತಾಯಿಯ ಸ್ಥಾನದಲ್ಲಿ ಬಂದಿರುವವರು ಎಂದ. ಅವನ ಬಾಯಿಂದ ಆ ಕೊನೆಯ ಮಾತು ಕೇಳಿ ನಾನು ಸೆರಗು ಸರಿಮಾಡಿಕೊಂಡೆ. ಡೆಬಿ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ನನಗೆ ನಿಜಕ್ಕೂ ಬೇಸರವಾಗುತ್ತಿದೆ. ಇಲ್ಲೇ ನಿಂತು ಎಷ್ಟು ಬೇಕಾದರೂ ತಿನ್ನಿ. ಉಳಿದದ್ದು ಡಬ್ಬಕ್ಕೆ ಹೋಗಬೇಕು" ಎಂದಳು. ಯಜಮಾನರು ಬಾಳೆಹಣ್ಣಿಗೆ ಕೈಹಾಕಿದರು. ನನಗೆ ಒಂದು ತುಂಡೂ ಇಳಿಯುವಂತಿರಲಿಲ್ಲ.

"ನಾನೇ ಹಾಕ್ತೀನಿ" ಎಂದೆ. ದೇವರ ಹೆಸರಿನಲ್ಲಿ ತೆಗೆದಿಟ್ಟ ಹಣ್ಣನ್ನು ಇನ್ನೊಬ್ಬರು ಎಸೆಯುವುದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಡಬ್ಬದೊಳಗೆ ಬಿಟ್ಟೆ. ಅಕ್ಕನಿಗೆ ಮನಸ್ಸಿನಲ್ಲೇ ಏನೇನೋ ಸಮಾಧಾನ ಹೇಳಿದೆ. ಹಿಂದೆ ಕಾರುಗಳು ಸಾಲುಗಟ್ಟಿದ್ದವು. ಒಬ್ಬನಾದರೂ ಹಾರನ್ ಒತ್ತಲಿಲ್ಲ. ಪೀಣ್ಯದ ಸಿಗ್ನಲ್ಲಿನಲ್ಲಿ ಹೀಗೆ ನಿಂತಿದ್ದರೆ ನನ್ನ ಜೊತೆಗೆ ನನ್ನ ವಂಶವನ್ನೂ ಬೈದಿರುತ್ತಿದ್ದರು. ಡೆಬಿ ತೋಳಿನ ಮೇಲೆ ಕೂತ ನೊಣವನ್ನೂ ಓಡಿಸದೆ ನಾನು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.

ತೆಂಗಿನಕಾಯಿ ಮಾತ್ರ ಪಾಸಾಯಿತು. ಅಷ್ಟು ಗಟ್ಟಿ ಚಿಪ್ಪನ್ನು ಕೊರೆಯುವ ಶಕ್ತಿ ಆ ನೊಣಕ್ಕಿಲ್ಲವಂತೆ. ಡೆಬಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿ ನಕ್ಕು, ಎರಡೂ ಕೈಯಲ್ಲಿ ನನಗೆ ಕೊಟ್ಟಳು.

"ಇನ್ನೇನಾದರೂ ಇದೆಯೇ? ತಾಜಾ ಹಣ್ಣು, ಕಾಯಿ, ಏನಾದರೂ?"

"ಇಲ್ಲ ಮೇಡಂ. ಏನೂ ಇಲ್ಲ" ಎಂದೆ. ದೇವರಾಣೆ, ನಾನು ಸುಳ್ಳು ಹೇಳಲಿಲ್ಲ.

ಆಕೆ ಡಿಕ್ಕಿ ಮುಚ್ಚಿದವಳು ಹಾಗೇ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಆಮೇಲೆ ಪ್ರದೀಪನನ್ನು ಕರೆದಳು. ಪ್ರದೀಪ ಹೋಗಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಅತ್ತೇ... ಇದೇನು?"

ನಿಂಬೆಹಣ್ಣು, ಏಳು ಮೆಣಸಿನಕಾಯಿ.

"ಅದು ಹಣ್ಣಲ್ಲ ಕಣ್ರೀ, ದೃಷ್ಟಿ!" ಎಂದುಬಿಟ್ಟೆ. ಓದುವ ನೀವೇ ಹೇಳಿ. ನಮ್ಮ ಕಡೆ ಆಟೋಗೂ ಅದೇ, ಅಂಗಡಿಗೂ ಅದೇ, ಕೋಟಿ ಬೆಲೆಯ ಕಾರಿಗೂ ಅದೇ. ಅದನ್ನು ಯಾರಾದರೂ ಹಣ್ಣೆಂದು ಲೆಕ್ಕ ಹಾಕುತ್ತಾರೆಯೇ? ಬಾಯಿ ಚಪ್ಪರಿಸಿ ಯಾರಾದರೂ ತಿಂದಿದ್ದುಂಟೇ? ನನಗಂತೂ ಅದರ ನೆನಪೇ ಬಂದಿರಲಿಲ್ಲ.

ಬಚ್ಚಿಟ್ಟು ಸಾಗಿಸಿದರೆ ದಂಡ ಎಂದು ಪಕ್ಕದಲ್ಲೇ ಬರೆದಿತ್ತು. ಪ್ರದೀಪನ ಮುಖ ಬಾಡಿಹೋಗಿತ್ತು. ಡೆಬಿ ಇದು ಯಾಕೆ ಎಂದು ಕೇಳಿದಳು. ಅವನು ತಡವರಿಸುತ್ತ, ಕೆಟ್ಟದ್ದು ಕಾರಿನ ಹತ್ತಿರ ಬರದಿರಲಿ ಎಂದು ಹಿರಿಯರು ಕಟ್ಟುತ್ತಾರೆ ಎಂದ.

"ಹಾಗಾದರೆ ನಾನು ಇಲ್ಲಿ ನಿಂತು ಮಾಡುತ್ತಿರುವುದೂ ಅದೇ ಕೆಲಸ" ಎಂದಳು ಡೆಬಿ. ನಗಬಾರದೆಂದು ತುಂಬಾ ಪ್ರಯತ್ನಪಟ್ಟು, ಕೊನೆಗೆ ನಕ್ಕೇಬಿಟ್ಟಳು. ದಾರ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ದೂರದಿಂದಲೇ ಡಬ್ಬಕ್ಕೆ ಬಿಟ್ಟಳು. ದೃಷ್ಟಿ ತೆಗೆದದ್ದನ್ನು ನಾವೂ ಕೈಯಲ್ಲಿ ಮುಟ್ಟುವುದಿಲ್ಲವಲ್ಲ, ಸರಿಯಾಗಿಯೇ ಮಾಡಿದಳು. ಇನ್ನೊಮ್ಮೆ ಹೀಗಾದರೆ ದಂಡ ತಪ್ಪಿದ್ದಲ್ಲ ಎಂದು ಪ್ರದೀಪನಿಗೆ ಗಟ್ಟಿಯಾಗಿ ಹೇಳಿ, ನನ್ನ ಭುಜ ತಟ್ಟಿ ಕಳಿಸಿದಳು.

ನದಿಯ ಊರು

ಕಾರಿನಲ್ಲಿ ನಾನು ಮಾತಾಡಲಿಲ್ಲ. ಯಜಮಾನರು ಹೆದರಿ ಹೋದರು. ನಾನು ಸುಮ್ಮನಿದ್ದರೆ ಅವರಿಗೆ ಭಯ.

ಕೊನೆಗೆ ಪ್ರದೀಪನೇ ಬಾಯಿಬಿಟ್ಟ. "ಬೇಜಾರ್ ಮಾಡ್ಕೋಬೇಡಿ ಅತ್ತೆ. ನಾನಿರೋ ಹಣ್ಣಿನ ಪ್ಯಾಕಿಂಗ್ ಶೆಡ್ಡಲ್ಲಿ ಈಗ ಅರ್ಧ ಜನಕ್ಕೆ ಕೆಲಸ ಇಲ್ಲ. ನಮ್ಮೂರಲ್ಲೇ ಆ ನೊಣ ಸಿಕ್ಕಿದೆ. ಹೊರಗಿನವ್ರು ನಮ್ ಕಿತ್ತಳೆ ತಗೊಳ್ಳೋಕೆ ಹಿಂದೆ ಮುಂದೆ ನೋಡ್ತಿದಾರೆ. ಇನ್ನೂ ಹರಡಿದ್ರೆ ನಾವೂ ಬೇರೆ ಊರು ಹುಡುಕ್ಬೇಕು, ಈ ಟೈಮಲ್ಲಿ ಅವಳನ್ನ ಕಟ್ಕೊಂಡು."

ಶೆಡ್ಡಿನ ಮೆಷಿನ್‌ಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಇದನ್ನು ಸುಮಾ ಫೋನಿನಲ್ಲಿ ನನಗೆ ಹೇಳಿರಲೇ ಇಲ್ಲ. ನನ್ನ ಸಿಟ್ಟು ಹಾಗೇ ಇಳಿದುಹೋಯಿತು, ಆದರೆ ಮಡಿಲಿನ ಚಿಂತೆ ಇಳಿಯಲಿಲ್ಲ. ಊರಿನ ಅಂಗಡಿಯಲ್ಲೇ ಕೊಂಡರಾಯಿತು, ಅಲ್ಲಿ ಮಾರುವ ಹಣ್ಣನ್ನು ಮನೆಗೆ ಒಯ್ಯಬಹುದು ಎಂದ ಪ್ರದೀಪ. ಆದರೆ ನಾವು ತಲುಪುವಷ್ಟರಲ್ಲಿ ಅಂಗಡಿ ಮುಚ್ಚಿತ್ತು.

ಬಾಗಿಲಲ್ಲೇ ನಿಂತಿದ್ದ ಸುಮಾಳನ್ನು ತಬ್ಬಿಕೊಂಡೆ. ಹೊಟ್ಟೆ ಅಡ್ಡ ಬಂತು, ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಅಕ್ಕನದೇ ಗಲ್ಲ, ಅಕ್ಕನದೇ ನಗು.

ಬೆಳಿಗ್ಗೆ ಎದ್ದರೆ ಗುಡ್ ಫ್ರೈಡೇ. ಶುಕ್ರವಾರ ಒಳ್ಳೆಯದೆಂದು ಮಾಕಳಿಯ ಪುರೋಹಿತರು ಇಟ್ಟುಕೊಟ್ಟ ಮುಹೂರ್ತ. ಆಸ್ಟ್ರೇಲಿಯಾದ ಕ್ಯಾಲೆಂಡರ್ ಅವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಪ್ರದೀಪನ ಜೊತೆ ಊರೆಲ್ಲ ಸುತ್ತಿದೆ. ಒಂದು ಅಂಗಡಿ ತೆರೆದಿದ್ದರೆ ಕೇಳಿ! ಬಂದ್ ದಿನವೂ ಅರ್ಧ ಶಟರ್ ಎತ್ತಿ ಬಾಳೆಹಣ್ಣು ಕೊಡುವ ಊರಿನವರು ನಾವು. ಇಲ್ಲಿ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಸುಮಾ ಹಸಿರು ಸೀರೆ ಉಟ್ಟು ಕೂತಿದ್ದಳು. ಬರಿಗೈಯಲ್ಲಿ ಬಂದ ನನ್ನನ್ನು ನೋಡಿ, "ಪರವಾಗಿಲ್ಲ ಬಿಡಿ ಚಿಕ್ಕಮ್ಮ, ಅಕ್ಕಿ ಕಾಯಿ ಸಾಕು" ಅಂದಳು. ಹಾಗೆಂದವಳ ಕೈ ಮಾತ್ರ ಹೊಟ್ಟೆಯ ಮೇಲಿತ್ತು. ಅವಳಿಗೂ ಒಳಗೊಳಗೆ ಅದೇ ಭಯವಿದೆ ಎಂದು ನನಗೆ ತಿಳಿಯಿತು.

ಮುಖ ತೋರಿಸಲಾರದೆ ಹಿತ್ತಲಿಗೆ ಹೋದೆ.

ಬೇಲಿಯಾಚೆ

ಬೇಲಿಯ ಆಚೆ ಪಕ್ಕದ ಮನೆಯ ಹಿತ್ತಲು. ಅಲ್ಲಿ ಏನಿರಲಿಲ್ಲ! ಚಪ್ಪರದ ತುಂಬಾ ಕಪ್ಪು ದ್ರಾಕ್ಷಿ, ಬಿರಿದ ದಾಳಿಂಬೆ, ಅಂಜೂರ, ನಿಂಬೆ, ಆಗಷ್ಟೇ ಬಣ್ಣ ತಿರುಗುತ್ತಿದ್ದ ಪುಟ್ಟ ಕಿತ್ತಳೆ. ಬೆರಳು ಮಡಿಸಿ ಎಣಿಸಿದೆ. ಸರಿಯಾಗಿ ಐದು. ಒಬ್ಬ ಮುದುಕಿ ಕಪ್ಪು ಬಟ್ಟೆ ತೊಟ್ಟು ಗುಡಿಸುತ್ತಿದ್ದಳು. ಹೆಸರು ಮರಿಯಾ. ಮದುವೆಯಾಗಿ ಗ್ರೀಸಿನಿಂದ ಬಂದವಳಂತೆ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷಿನಷ್ಟೇ ಇದ್ದದ್ದರಿಂದ ನಮಗೆ ಚೆನ್ನಾಗಿ ಹೊಂದಿತು.

ನಾನು ಕೈ ಮುಗಿದು, ಸುಮಾಳ ಹೊಟ್ಟೆ ಅಭಿನಯಿಸಿ, ಸೆರಗು ಒಡ್ಡಿ ತೋರಿಸಿ ಹಣ್ಣು ಕೇಳಿದೆ. ಮರಿಯಾಗೆ ಎಲ್ಲವೂ ಅರ್ಥವಾಯಿತು. ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ತಲೆಯಾಡಿಸಿದಳು. "ಕೊಡಲಾರೆ. ನೊಣ ಸಿಕ್ಕ ಬೀದಿ ಇದು. ನನ್ನ ಮನೆಯ ಹಣ್ಣು ನನ್ನ ಗೇಟು ದಾಟುವಂತಿಲ್ಲ."

"ಬೇಲಿ ಅಷ್ಟೇ ಅಲ್ವಾ ಅಜ್ಜಿ ಮಧ್ಯೆ ಇರೋದು! ಒಂದ್ ಕೈ ಚಾಚಿದ್ರೆ ಮುಗೀತು!" ಎಂದೆ, ಕನ್ನಡದಲ್ಲೇ. ಹೇಳಿದ ಮೇಲೆ ನನಗೇ ಕೇಳಿಸಿತು. ಒಂದ್ ಕೂದಲೆಳೆ ಅಷ್ಟೇ ಅಕ್ಕ, ಬಿಟ್ಬಿಡಿ.

ಮರಿಯಾ ಪೊರಕೆ ಊರಿಕೊಂಡು ಯೋಚಿಸಿದಳು. ನನ್ನನ್ನು ನೋಡಿದಳು, ಮರ ನೋಡಿದಳು, ಗೇಟು ನೋಡಿದಳು.

"ಹಣ್ಣು ದಾಟಬಾರದು. ಹುಡುಗಿ ದಾಟಬಹುದಲ್ಲ?" ಅಂದಳು.

ಅಯ್ಯೋ ನನ್ನ ತಾಯಿ! ಇಷ್ಟು ಸುಲಭದ್ದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ?

ಹತ್ತು ನಿಮಿಷದಲ್ಲಿ ಸೀಮಂತವೇ ಎದ್ದು ಪಕ್ಕದ ಮನೆಗೆ ಹೋಯಿತು. ಮಣೆ, ಆರತಿ ತಟ್ಟೆ, ಅಕ್ಕಿ, ಪ್ರದೀಪನ ಫೋನಿನಲ್ಲಿ ಮಾಕಳಿಯಿಂದ ಮಂತ್ರ ಹೇಳುವ ಪುರೋಹಿತರು, ಎಲ್ಲ. ದಾಳಿಂಬೆ ಮರದ ಕೆಳಗೆ ಸುಮಾ ಕೂತಳು. ಮರಿಯಾ ಒಂದೊಂದೇ ಹಣ್ಣು ಕಿತ್ತು, ತೂತಿದೆಯೇ ಎಂದು ತಿರುಗಿಸಿ ನೋಡಿ ನನ್ನ ಕೈಗಿಟ್ಟಳು. ನಾನೂ ತಿರುಗಿಸಿ ನೋಡಿದೆ. ಆಮೇಲೆ ಅವಳು ಎರಡು ಹೆಜ್ಜೆ ಹಿಂದೆ ಸರಿದು, ಎದೆಯ ಮೇಲಿನ ಕಪ್ಪು ಬಟ್ಟೆ ಮುಟ್ಟಿ ತೋರಿಸಿದಳು. ಗಂಡನಿಲ್ಲ, ನಾನು ಮುಟ್ಟಬಹುದೋ ಬಾರದೋ ಎಂದು. ಅವರಲ್ಲೂ ಈ ಸಂಕೋಚ ಇದೆಯೇ ಎಂದು ನನಗೆ ಆಶ್ಚರ್ಯವಾಯಿತು. ನಮ್ಮಲ್ಲೂ ಹಿಂದಿನವರಾದರೆ ಬೇಡ ಎನ್ನುತ್ತಿದ್ದರು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ಈ ಮರಗಳ ತಾಯಿ ಅವಳು, ಅವಳಲ್ಲದೆ ಇನ್ಯಾರು ತುಂಬಬೇಕು? ಇಬ್ಬರೂ ಸೇರಿ ಸುಮಾಳ ಸೆರಗು ತುಂಬಿದೆವು. ಅಕ್ಕಾ, ತುಂಬಿದೆ ನೋಡೇ, ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಕಣ್ಣೊರೆಸಿಕೊಳ್ಳಲು ಎರಡೂ ಕೈಯಲ್ಲಿ ಅಕ್ಕಿ.

ಈಗ ಇನ್ನೊಂದು ಕಷ್ಟ. ತುಂಬಿದ ಮಡಿಲನ್ನು ಚೆಲ್ಲದೆ ಮನೆಯೊಳಗೆ ದೇವರ ಮುಂದೆ ಒಯ್ಯಬೇಕು. ಒಯ್ಯುವ ಹಾಗಿಲ್ಲ. ಮರದಡಿ ಬಿಟ್ಟು ಹೋಗಲು ಮನಸ್ಸಿಲ್ಲ. ಆಗ ಡೆಬಿಯ ಮಾತು ನೆನಪಾಯಿತು. ಇಲ್ಲೇ ನಿಂತು ಎಷ್ಟು ಬೇಕಾದರೂ ತಿನ್ನಿ.

"ತಿನ್ನೇ ಸುಮಾ, ಐದರಲ್ಲೂ ತಿನ್ನು" ಎಂದೆ.

ತಿಂದಳು. ದಾಳಿಂಬೆ ಬಿಡಿಸಿ ಬಾಯಿಗೆ ಹಾಕಿದೆ, ಅಂಜೂರ ಮರಿಯಾ ತಿನ್ನಿಸಿದಳು, ನಿಂಬೆಯನ್ನು ನೀರಿಗೆ ಹಿಂಡಿ ಕುಡಿಸಿದೆವು. ಹಸಿರು ಸೀರೆಯ ಮೇಲೆ ರಸ ಸುರಿಯಿತು. ಸಾಕು ಎಂದರೂ ನಾನು ಬಿಡಲಿಲ್ಲ. ಮಿಕ್ಕಿದ್ದನ್ನು ನಾವೆಲ್ಲ ಕೂತು ಮುಗಿಸಿದೆವು. ಸಿಪ್ಪೆ, ಬೀಜ ಎಲ್ಲ ಮರಿಯಾಳ ಚೀಲಕ್ಕೆ ಹೋಯಿತು. ಆ ಕಿತ್ತಳೆ ಇನ್ನೂ ಹುಳಿ. ಆದರೂ ಅಂಥ ಹಣ್ಣನ್ನು ನಾನು ಈ ಜನ್ಮದಲ್ಲಿ ತಿಂದಿಲ್ಲ.

ಹೊರಡುವಾಗ ನಾನು ಮೊದಲು ಹೋಗಿ ಗೇಟಿನ ಹತ್ತಿರ ನಿಂತುಕೊಂಡೆ. ನಮ್ಮ ಮನೆಯವರನ್ನು ನಾನು ಬಲ್ಲೆ.

"ಜೇಬು ತೋರ್ಸಿ ರೀ."

"ಏ, ಒಂದೇ ಒಂದು ಕಣೆ, ಪ್ರಸಾದ..."

"ತೆಗೀರಿ ಆಚೆ!"

ಎರಡು ಕಿತ್ತಳೆ ಬಂದವು. ಮರಿಯಾ ಬಿದ್ದು ಬಿದ್ದು ನಕ್ಕಳು. ಪ್ರದೀಪ ತಾನಾಗಿಯೇ ಎರಡೂ ಕೈ ಮೇಲೆತ್ತಿ ದಾಟಿದ.

ಕೊನೆಗೆ ಸುಮಾ ಬಂದಳು. ಒಂದು ಕೈಯಲ್ಲಿ ಸೆರಗು ಕಟ್ಟಿ ಹಿಡಿದಿದ್ದಳು. ಅದರೊಳಗೆ ಅಕ್ಕಿ, ಬಳೆ, ಚೆಕ್‌ಪೋಸ್ಟಿನಲ್ಲಿ ಪಾಸಾದ ತೆಂಗಿನಕಾಯಿ. ನಾನು ಡೆಬಿಯ ಹಾಗೆಯೇ ಬಗ್ಗಿ ಕೇಳಿದೆ, "ತಾಜಾ ಹಣ್ಣೇನಾದ್ರೂ ಇದೆಯಾ?"

ಸುಮಾ ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟಳು. ಗಲ್ಲದ ಮೇಲೆ ದಾಳಿಂಬೆ ರಸ ಇನ್ನೂ ಅಂಟಿಕೊಂಡಿತ್ತು.

"ಒಂದಿದೆ ಚಿಕ್ಕಮ್ಮ. ಇದನ್ನ ಬಿಟ್ಬಿಡಿ."

ಹುಟ್ಟಿದಾಗಿನಿಂದ ಯಾರು ಕೇಳಿದರೂ ಬಿಟ್ಟವಳಲ್ಲ ನಾನು. ಪಕ್ಕಕ್ಕೆ ಸರಿದು ಗೇಟನ್ನು ಪೂರ್ತಿ ತೆರೆದು ಹಿಡಿದುಕೊಂಡೆ.